ಇಬ್ಬರು ಮುಟ್ಟಿದ ಎಂಜಿನ್

ಸಾರಿಗೆ ಕಚೇರಿಯ ಅಂಗಳದಲ್ಲಿ ತಪಾಸಣೆಗೆ ಉಳಿದಿದ್ದು ಅದೊಂದೇ ಗಾಡಿ. ಬಾಗಿಲು ಹಾಕುವುದರೊಳಗೆ ಟೆಂಪೋದಲ್ಲಿ ಹೇರಿ ತಂದ ಆ ಹಳೆಯ ಮೋಟಾರ್ ಸೈಕಲ್ ಸ್ಟಾರ್ಟ್ ಆಗಿ ಒಂದು ಸುತ್ತು ಬರಬೇಕು. ಇಲ್ಲದಿದ್ದರೆ ನೋಂದಣಿ ರದ್ದು. ರದ್ದಾದ ಗಾಡಿ ನೇರ ಗುಜರಿಗೆ. ಅವಧಿ ಇವತ್ತಿಗೇ ಮುಗಿಯುತ್ತಿತ್ತು.

ಮಾವ ಮತ್ತೆ ಕಿಕ್ ಒದ್ದರು. ಎಂಜಿನ್ ಕಾರ್ಬುರೇಟರಿನ ಬಾಯಿಂದ ಒಮ್ಮೆ ಕೆಮ್ಮಿತು. ಕಿಕ್ಕರ್ ಹಿಂದಕ್ಕೆ ಚಿಮ್ಮಿ ಅವರ ಕಾಲಿಗೆ ಬಡಿಯಿತು. ಅವರು ಹಲ್ಲು ಕಚ್ಚಿಕೊಂಡು ನಿಂತರು.

"ತಾತಾ, ಇದು ತಪಾಸಣೆ ಅಂಗಳ, ಗರಡಿಮನೆ ಅಲ್ಲ," ಎಂದ ಕಾವಲುಗಾರ, ಬೀಗದ ಕೈ ತಿರುಗಿಸುತ್ತ.

"ನಿನ್ನ ಬೀಗಕ್ಕೂ ಎಣ್ಣೆ ಬೇಕು, ಆಮೇಲೆ ಹಾಕಿಕೊಡ್ತೀನಿ. ಸ್ವಲ್ಪ ತಡಿ," ಎಂದರು ಮಾವ. ದನಿಯಲ್ಲಿ ತಮಾಷೆ ಇರಲಿಲ್ಲ.

ಸೊಸೆ ಪ್ಲಗ್ ಬಿಚ್ಚಿ ಸಿಲಿಂಡರಿಗೆ ತಾಗಿಸಿ ಹಿಡಿದಳು. ಮಾವ ಕಿಕ್ಕರನ್ನು ಕೈಯಿಂದ ಒತ್ತಿದರು. ನೀಲಿ ಕಿಡಿ ಹಾರಿತು.

"ಕಿಡಿ ಚೆನ್ನಾಗಿದೆ. ಪೆಟ್ರೋಲಿನದೇ ತೊಂದರೆ," ಎಂದಳು.

"ಕಾರ್ಬುರೇಟರಿನ ಬಟನ್ ಒತ್ತಿದ್ರೆ ಉಕ್ಕಿ ಹರೀತಿದೆಯಲ್ಲಮ್ಮ."

"ಹಾಗಿದ್ರೆ ಪ್ಲಗ್ ಯಾಕೆ ಒಣಗಿದೆ ಮಾವ?"

ಅವರು ಪ್ಲಗ್ ಇಸಿದುಕೊಂಡು ಮತ್ತೆ ಕೂರಿಸಿದರು. ಅವಳು ಮುಂದೆ ಕೇಳಲಿಲ್ಲ. ಇವರಿಬ್ಬರ ರೀತಿಯೇ ಹಾಗೆ. ಗಾಡಿಯನ್ನು ತುಂಡುತುಂಡಾಗಿ ತಂದು ಜೋಡಿಸಿದ್ದವನು ಅವರ ಮಗ, ಅವಳ ಗಂಡ. ಅವನು ತೀರಿಹೋದ ಮೇಲೆ ಮನೆಯಲ್ಲಿ ಊಟಕ್ಕೆ ಕರೆಯುವ ಮಾತು, ಬಾಗಿಲು ಹಾಕಿದೆಯಾ ಎನ್ನುವ ಮಾತು, ಅಷ್ಟೇ ಉಳಿದಿದ್ದವು. ಇನ್ನು ಉಳಿದದ್ದು ಗಾಡಿ. ಅದನ್ನು ಇಬ್ಬರೂ ನೋಡಿಕೊಳ್ಳುತ್ತಿದ್ದರು, ಆದರೆ ಒಟ್ಟಿಗೆ ಕುಳಿತು ಅಲ್ಲ. ಒಬ್ಬರ ಕೆಲಸದಲ್ಲಿ ತಪ್ಪು ಕಂಡರೆ ಇನ್ನೊಬ್ಬರು ಸದ್ದಿಲ್ಲದೆ ತಿದ್ದುವುದು. ಹೇಳಿದರೆ ನೊಂದುಕೊಂಡಾರು ಎಂಬ ಮರ್ಯಾದೆ.

ಅಧಿಕಾರಿ ಕಿಟಕಿಯಿಂದ ತಲೆ ಹಾಕಿದ. "ಆಗುತ್ತಾ ಇಲ್ವಾ ಹೇಳಿಬಿಡಿ. ನಾನು ಹೊರಡಬೇಕು."

ಮಾವ ಮತ್ತೆ ಒದ್ದರು. ಈ ಸಲದ ಪೆಟ್ಟಿಗೆ ಕುಸಿದು ನೆಲದ ಮೇಲೆಯೇ ಕುಳಿತರು. ಪಾದದ ಕೀಲು ಊದಿಕೊಳ್ಳತೊಡಗಿತ್ತು. ಸೊಸೆ ಪಕ್ಕದಲ್ಲಿ ಮೊಣಕಾಲೂರಿದಳು. ಗಾಡಿ ಹಿಂದಕ್ಕೆ ಒದೆಯುತ್ತಿದೆ, ಎಂದರೆ ಕಿಡಿ ತೀರ ಮುಂಚೆ ಹಾರುತ್ತಿದೆ. ಕೆಮ್ಮುತ್ತಿದೆ, ಎಂದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ. ನಿನ್ನೆ ಬೆಳಿಗ್ಗೆ ಇದ್ದ ದೋಷಗಳಿಗೆ ಇವೆರಡೂ ತದ್ವಿರುದ್ಧ. ಸಂಜೆ ಅವಳ ಕೈಯಲ್ಲಿ ಅದು ನೆಟ್ಟಗೆ ಓಡಿತ್ತು. ಒಂದು ರಾತ್ರಿಯಲ್ಲಿ ದೋಷ ತಾನಾಗಿ ತಲೆಕೆಳಗಾಗುವುದಿಲ್ಲ.

"ಮಾವ," ಎಂದಳು. "ನಾನು ನಿನ್ನೆ ಇದನ್ನ ಮುಟ್ಟಿದೆ. ನೀವು ವಾಕಿಂಗ್ ಹೋಗಿದ್ರಲ್ಲ, ಆಗ. ಪ್ಲಗ್ ಕಪ್ಪಾಗಿತ್ತು, ಪೆಟ್ರೋಲ್ ಕಮ್ಮಿ ಬರಲಿ ಅಂತ ಚಿಕ್ಕ ಪೈಲಟ್ ಜೆಟ್ ಹಾಕಿದೆ. ಕಿಡಿ ಹಾರಿಸೋ ಪಾಯಿಂಟಿನ ಸಂದು ಕಿರಿದಾಗಿ ಕಿಡಿ ತಡವಾಗ್ತಿತ್ತು, ಸಂದು ಹಿಗ್ಗಿಸಿದೆ."

ಮಾವ ಊದಿದ ಕಾಲನ್ನು ಬಿಟ್ಟು ಅವಳತ್ತ ತಿರುಗಿದರು.

"ಇವತ್ತು ಬೆಳಿಗ್ಗೆ ನಾನೂ ಮುಟ್ಟಿದೆ. ನಿನ್ನೆ ನೋಡಿದ್ದ ಪ್ಲಗ್ಗಿನ ಕಪ್ಪಿಗೆ ಅಂತ ಗಾಳಿ ಸ್ಕ್ರೂ ಸಡಿಲಿಸಿದೆ. ತಡ ಆಗ್ತಿದ್ದ ಕಿಡಿ ಬೇಗ ಹಾರಲಿ ಅಂತ ಪಾಯಿಂಟಿನ ಪ್ಲೇಟ್ ತಿರುಗಿಸಿದೆ."

"ಸ್ಟಾರ್ಟ್ ಮಾಡಿ ನೋಡ್ಲಿಲ್ವಾ?"

"ಸದ್ದಿಗೆ ನೀನು ಎದ್ದುಬಿಟ್ರೆ? ನೀನು ಹಿಂದೆ ಮಾಡಿದ್ದ ಕೆಲಸದ ಮೇಲೆ ಕೈ ಹಾಕಿದೆ ಅಂತ ನಿನಗೆ ಅನ್ನಿಸಬಾರದಿತ್ತು."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. "ನಾವಿಬ್ಬರೂ ಸೇರಿ ಸಾಯಿಸಿದ್ವಿ ಮಾವ ಇದನ್ನ."

ಕಾವಲುಗಾರ ಗೇಟಿನ ಒಂದು ಬದಿಯನ್ನು ಎಳೆದ.

"ಮೊದಲು ನನ್ನದನ್ನ ತೆಗಿ," ಎಂದರು ಮಾವ. "ನಿನ್ನದು ಓಡಿ ತೋರಿಸಿದೆ, ನನ್ನದು ಬರೀ ಊಹೆ. ಸ್ಕ್ರೂ ಪೂರ್ತಿ ಬಿಗಿ ಮಾಡಿ ಒಂದೂವರೆ ಸುತ್ತು ಹಿಂದಕ್ಕೆ. ಪ್ಲೇಟನ್ನ ಅದರ ಮೇಲಿರೋ ಹಳೇ ಗೀರಿನ ಗುರುತಿಗೆ ತಂದು ನಿಲ್ಲಿಸು. ಅವಸರ ಮಾಡಬೇಡ."

"ಗೇಟ್ ಹಾಕ್ತಿದ್ದಾರೆ ಮಾವ."

"ಹಾಕಲಿ, ನೀನು ಮಾಡು."

ಎರಡನ್ನೂ ಹೇಳಿದಂತೆ ಸರಿಪಡಿಸಿ ಕಿಕ್ ಅವಳೇ ಒದ್ದಳು. ಮೊದಲನೆಯದು ಸುಮ್ಮನೆ ಹೋಯಿತು. ಎರಡನೆಯದಕ್ಕೆ ಎಂಜಿನ್ ಒಮ್ಮೆ ಹೊಡೆದುಕೊಂಡು ನಿಂತಿತು. ಮೂರನೆಯದಕ್ಕೆ ಹಿಡಿದುಕೊಂಡಿತು, ಒರಟಾಗಿ, ಈಗಲೋ ಆಗಲೋ ಆರುವಂತೆ.

ಅಧಿಕಾರಿ ಮೆಟ್ಟಿಲಿಳಿದು ಬಂದ. "ಸುತ್ತು ಹೊಡೀರಿ."

"ನನ್ನ ಕಾಲು ಗೇರ್ ಒತ್ತಲ್ಲ," ಎಂದರು ಮಾವ.

"ಯಾರಾದರೂ ಓಡಿಸಿ. ಓಡಬೇಕು ಅಷ್ಟೆ."

ಮನೆಯ ಮುಂದಿನ ಓಣಿಯಲ್ಲಿ ಮಾತ್ರ ಅದನ್ನು ಓಡಿಸಿ ಗೊತ್ತಿದ್ದ ಅವಳು ಹತ್ತಿ ಕುಳಿತಳು. ಮಾವ ಕುಂಟುತ್ತ ಬಂದು ಹಿಂದೆ ಕುಳಿತರು. ಅಂಗಳದ ದೂರದ ಮೂಲೆಯಲ್ಲಿ ಎಂಜಿನ್ ಮುಗ್ಗರಿಸಿತು.

"ಏನಾಗ್ತಿದೆ? ಹೇಳಿ ಮಾವ, ಸುಮ್ಮನಿರಬೇಡಿ."

"ಬಿಸಿಯಾಗಿದೆ, ಚೋಕ್ ಸರಿಸು. ಹ್ಞಾಂ. ಥ್ರಾಟಲ್ ಬಿಡಬೇಡ. ನಿನ್ನ ಜೆಟ್ ಸರಿಯಾಗಿದೆ ಕಣಮ್ಮ, ಇನ್ನಷ್ಟು ಕೊಡು."

ಅಧಿಕಾರಿಯ ಮುಂದೆ ಬಂದಾಗ ಅವನು ನಿಲ್ಲಿಸುವಂತೆ ಕೈ ತೋರಿಸಿದ.

"ನಿಲ್ಲಿಸ್ಲಾ?"

"ಬೇಡ, ನಿಂತ್ರೆ ಆರಿಹೋಗುತ್ತೆ. ಅವನು ಸಹಿ ಹಾಕಲಿ, ಆಮೇಲೆ."

ಅಧಿಕಾರಿ ಕಾಗದವನ್ನು ಅಂಗೈ ಮೇಲಿಟ್ಟುಕೊಂಡು ಪೆನ್ನಿಗಾಗಿ ಜೇಬು ತಡಕಾಡಿದ. ಅವರಿಬ್ಬರೂ ಅವನ ಪಕ್ಕದಿಂದ ಹಾದು ಇನ್ನೊಂದು ಸುತ್ತಿಗೆ ಹೊರಟರು. ಹಿಂದಿನಿಂದ ಮಾವ ಎಂಜಿನ್ನಿನ ಸದ್ದಿಗಿಂತ ಮೇಲೆ ಕೂಗಿ ಕೂಗಿ ಹೇಳುತ್ತಲೇ ಇದ್ದರು, ಈಗ ಗೇರ್, ಈಗ ತಿರುವು, ಈಗ ನಿಧಾನ.