ಊರ ದನ ಕಳೆದವನು

ಕೋಗಿಲಿನ ಮುನಿಆಂಜಿನಪ್ಪ ಇಪ್ಪತ್ತಾರು ವರ್ಷ ಊರ ದನ ಕಾಯ್ದವನು. ಬೆಳಿಗ್ಗೆ ಊರಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದನೆಂದರೆ ಮನೆಮನೆಯಿಂದ ದನ ತಾವಾಗಿಯೇ ಬಂದು ಸೇರುತ್ತಿದ್ದವು. ಸಂಜೆ ಅವನ ಹಿಂದೆ ಬಂದು ತಮ್ಮ ತಮ್ಮ ಬಾಗಿಲಿಗೆ ತಾವೇ ತಿರುಗಿಕೊಳ್ಳುತ್ತಿದ್ದವು. ಕೂಲಿ ಅಂದರೆ ಸುಗ್ಗಿಯಲ್ಲಿ ಮನೆಗಿಷ್ಟು ರಾಗಿ. ಇಷ್ಟು ವರ್ಷದಲ್ಲಿ ಒಂದು ಕರುವನ್ನೂ ಕಳೆದವನಲ್ಲ. ಅದೊಂದೇ ಅವನ ಆಸ್ತಿ, ಅದೊಂದೇ ಅವನ ಜಂಬ. ಕುಡಿದಾಗಲೂ ಕುಡಿಯದಾಗಲೂ ಅದನ್ನೇ ಹೇಳಿ ಹೆಂಡತಿ ಮುನಿಶಾಮಮ್ಮನ ತಲೆ ತಿನ್ನುತ್ತಿದ್ದ.

ಅರವತ್ತಾರನೇ ಇಸವಿಯ ಬೇಸಿಗೆ. ಹಿಂದಿನ ವರ್ಷ ಮುಂಗಾರೂ ಕೈಕೊಟ್ಟಿತ್ತು, ಹಿಂಗಾರೂ ಕೈಕೊಟ್ಟಿತ್ತು. ಯಲಹಂಕ ಕೆರೆಯ ಅಂಗಳದಲ್ಲಿ ಕಾಲಿಟ್ಟರೆ ಬಿರುಕಿನಲ್ಲಿ ಪಾದ ಸಿಕ್ಕಿಕೊಳ್ಳುತ್ತಿತ್ತು. ಜನಕ್ಕಾದರೆ ಸರ್ಕಾರ ಅಮೆರಿಕದ ಕೆಂಪು ಜೋಳ ಕೊಟ್ಟಿತು. ದನಕ್ಕೆ ಯಾವ ಸರ್ಕಾರ ಇದೆ, ಹೇಳಿ? ಸೂರಿನ ಹುಲ್ಲು ಕಿತ್ತು ಹಾಕಿದರು, ಪಾಪಸುಕಳ್ಳಿಯನ್ನು ಮುಳ್ಳು ಸುಟ್ಟು ತಿನ್ನಲು ಹಾಕಿದರು, ಆಲದ ಸೊಪ್ಪು ಮುಗಿದ ಮೇಲೆ ತೊಗಟೆ ಹೆರೆದು ಹಾಕಿದರು. ಮುನಿಆಂಜಿನಪ್ಪನ ಸ್ವಂತದ್ದು ಅಂತ ಒಂದು ಹಸುವಿತ್ತು, ಎಂಟು ತಿಂಗಳ ಗಬ್ಬ. ಅದರ ಬೆನ್ನುಮೂಳೆಯ ಮೇಲೆ ಕೈಯಾಡಿಸಲು ಅವನಿಗೇ ಭಯವಾಗುತ್ತಿತ್ತು.

ಒಂದು ಮಧ್ಯಾಹ್ನ ರಾಮಕೃಷ್ಣಪ್ಪ ಅವನ ಗುಡಿಸಲಿಗೆ ಬಂದ. ಊರಿನಲ್ಲಿ ಇನ್ನೂ ಹುಲ್ಲಿನ ಬಣವೆ ಉಳಿದಿದ್ದದ್ದು ಆ ಸಾಹುಕಾರನ ಹಿತ್ತಲಲ್ಲಿ ಮಾತ್ರ. ಅಂಥವನು ಗುಡಿಸಲಿನ ತನಕ ನಡೆದು ಬಂದನೆಂದರೆ ಏನನ್ನೋ ಹೊರಿಸಲಿಕ್ಕೇ ಬಂದಿರುತ್ತಾನೆ.

"ಆಂಜಿನಪ್ಪ, ನಮ್ ಚುಕ್ಕಿ ಹಸ ಇನ್ನೊಂದು ವಾರ ಇದ್ರೆ ಎಚ್ಚು. ಎತ್ತಿಗೆ ಮಡಗಿರೋ ಹುಲ್ಲು ಅದಕ್ಕಾಕಿದ್ರೆ ಎತ್ತೂ ಓಯ್ತವೆ. ಕಾವ್ಲು ಕಡೀಕೆ ಒಡ್ಕೊಂಡೋಗಿ ಬುಟ್ ಬಂದ್ಬುಡಪ್ಪ."

"ಬುಟ್ ಬರಾದು ಅಂದ್ರೆ?"

"ಕಳದೋಯ್ತು ಅನ್ನು."

"ಯಜಮಾನ್ರೆ, ಸಂತೆಗೆ ವ್ಯಾಪಾರದೋರು ಬತ್ತಾರಲ್ಲ..."

"ಥೂ, ಸುಮ್ಕಿರು. ಅವ್ರ ಕೈಗೆ ಕೊಟ್ರೆ ಎಲ್ಲಿಗೋಯ್ತದೆ ಅಂತ ನಂಗೊತ್ತಿಲ್ವಾ? ಮಾರಿದ್ರೆ ಪಾಪ. ಕಟ್ಟಿದ ಗೂಟದಾಗೇ ಸತ್ರೂ ಮನೆಗೆ ಪಾಪ."

ಅಬ್ಬಾ ಪುಣ್ಯವಂತ! ಹಸು ಸಾಯಬೇಕು, ಆದರೆ ಸಾಯುವಾಗ ಇವನ ಕಣ್ಣಿಗೆ ಬೀಳಬಾರದು.

"ಆರು ಹೊರೆ ಹುಲ್ಲು ಕೊಡ್ತೀನಿ. ನಿನ್ ಹಸ ಈಯೋವರ್ಗೂ ಆಯ್ತದೆ," ಅಂದ ರಾಮಕೃಷ್ಣಪ್ಪ. "ಆದ್ರೆ ಒಂದು ಮಾತು. ನಾಕ್ ಜನದ ಮುಂದೆ ನಿನ್ನ ಬೈತೀನಿ. ಬೈಸ್ಕೋಬೇಕು. ನಮ್ ಮನೆಯವ್ಳಿಗೂ ಇದು ಗೊತ್ತಾಗ್ಬಾರ್ದು."

ಅವನು ಹೋದ ಮೇಲೆ ಮುನಿಶಾಮಮ್ಮ ಗಂಡನ ಮುಂದೆ ಬಂದು ನಿಂತಳು. "ಇಪ್ಪತ್ತಾರ್ ವರ್ಸ ಕೊಚ್ಕೊಂಡೆ. ಈಗ ಅದ್ನ ಹುಲ್ಲಿಗೆ ಮಾರ್ತೀಯಾ?" ಎಂದಳು. ಆಮೇಲೆ ಅವಳ ಕಣ್ಣು ಗಬ್ಬದ ಹಸುವಿನ ಮೇಲೆ ಬಿತ್ತು. ತಿರುಗಿ ಒಳಗೆ ಹೋದಳು.

ಸುದ್ದಿ ಹೇಗೆ ಸೋರಿತೋ, ಎರಡೇ ದಿನದಲ್ಲಿ ಇನ್ನೂ ಮೂರು ಮನೆಯವರು ಬಂದರು. ಒಬ್ಬೊಬ್ಬರೇ, ಅತ್ತಿತ್ತ ನೋಡಿಕೊಂಡು. ಕೊನೆಗೆ ಬಂದವಳು ವಿಧವೆ ಸುಬ್ಬಮ್ಮ. ಅವಳ ಹತ್ತಿರ ಕೊಡಲಿಕ್ಕೆ ಒಂದು ಕಡ್ಡಿ ಹುಲ್ಲೂ ಇರಲಿಲ್ಲ. ತನ್ನ ಮುದಿ ಹಸುವನ್ನು ನೆನೆದು ಅತ್ತು ಹೋದಳು, ಅಷ್ಟೆ. ಬಂದ ನಾಲ್ವರಲ್ಲಿ ಅತ್ತವಳು ಅವಳೊಬ್ಬಳೇ.

ಯಲಹಂಕದಾಚೆಯ ಜಾರಕಬಂಡೆ ಕಾವಲು ಒಳ್ಳೆಯ ಕಾಲದಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆಯುವ ಜಾಗ. ಆಗ ಅಲ್ಲಿನ ಜಿಂಕೆಗಳು ದನದ ಗಂಟೆ ಕೇಳಿದರೆ ಸಾಕು, ನೆಗೆದು ಮಾಯವಾಗುತ್ತಿದ್ದವು. ಮುನಿಆಂಜಿನಪ್ಪ ನಾಲ್ಕು ಹಸುಗಳನ್ನು ಹೊಡೆದುಕೊಂಡು ಹೋದ ದಿನ ಜಿಂಕೆಗಳು ಅಲ್ಲಾಡಲಿಲ್ಲ. ಅಲ್ಲಿನ ನೀರುಕುಂಟೆಯ ತಳದಲ್ಲಿ ಉಳಿದಿದ್ದ ಕೆಸರುನೀರಿಗೆ ಮೂತಿ ಹಾಕಿ ನಿಂತಿದ್ದವು, ದನ ಪಕ್ಕಕ್ಕೆ ಬಂದರೆ ಒಂದಿಷ್ಟು ಸರಿದು ಜಾಗ ಕೊಟ್ಟವು. ಎರಡು ಮರಿಗಳು ದಡದಲ್ಲೇ ಸತ್ತು ಒಣಗಿದ್ದವು. ಕಾಡು ಮೃಗಕ್ಕೆ ಮನುಷ್ಯನ ಹೆದರಿಕೆ ಹೋಗುವಷ್ಟು ಹಸಿವೆಂದರೆ ಅದೆಂಥ ಹಸಿವಿರಬೇಕು ಎಂದುಕೊಂಡ.

ಬಿಟ್ಟು ಬರುವುದು ಹೇಗೆ? ಅವನು ಹೆಜ್ಜೆಯಿಟ್ಟರೆ ಅವೂ ಹೆಜ್ಜೆಯಿಡುತ್ತವೆ. ಕಲ್ಲು ಎತ್ತಿದರೆ, ಇವನು ಹೊಡೆಯುವವನಲ್ಲ ಎಂದು ಗೊತ್ತಿದ್ದ ಹಾಗೆ ನಿಂತು ನೋಡುತ್ತವೆ. ಕೊನೆಗೆ ಕಾಯುವವರ ಉಪಾಯವನ್ನೇ ಮಾಡಿದ. ದಿನವೂ ಮಂದೆಯ ಮುಂದೆ ನಡೆಯುತ್ತಿದ್ದದ್ದು ಅವನ ಗಬ್ಬದ ಹಸು; ಅದರ ಕೊರಳ ಗಂಟೆ ಎಲ್ಲಿರುತ್ತದೋ ಉಳಿದ ದನ ಅಲ್ಲೇ. ಬೆಳಿಗ್ಗೆ ಬರುವಾಗಲೇ ಆ ಗಂಟೆಯನ್ನು ಬಿಚ್ಚಿ ತಂದಿದ್ದ. ಅದನ್ನು ಸುಬ್ಬಮ್ಮನ ಮುದಿ ಹಸುವಿಗೆ ಕಟ್ಟಿ, ಆ ಹಸುವನ್ನು ಜಾಲಿಮರಕ್ಕೆ ಬಿಗಿದ. ಬಿಗಿದದ್ದು ಭತ್ತದ ಹುಲ್ಲು ಹೊಸೆದ ಹಗ್ಗದಲ್ಲಿ. ಒಂದು ಗಳಿಗೆಯಲ್ಲಿ ಅದು ಹಗ್ಗವನ್ನೇ ತಿಂದು ಬಿಡಿಸಿಕೊಳ್ಳುತ್ತದೆ, ಅಷ್ಟರಲ್ಲಿ ತಾನು ದೂರ ಹೋಗಿರುತ್ತೇನೆ, ಆಮೇಲೆ ಅವುಗಳ ಹಣೆಬರಹ ಎಂದುಕೊಂಡ.

ಅವುಗಳ ಹಣೆಬರಹ ಏನಾಯಿತು? ದೀಪ ಹಚ್ಚುವ ಹೊತ್ತಿಗೆ ನಾಲ್ಕು ಹಸುವೂ ಗಂಟೆಯ ಸದ್ದು ಮಾಡುತ್ತಾ ಊರೊಳಗೆ ಬಂದು ಅವರವರ ಬಾಗಿಲಿಗೆ ಹೋಗಿ ನಿಂತವು! ರಾಮಕೃಷ್ಣಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಏನೂ ಅರಿಯದೆ ಚುಕ್ಕಿಗೆ ಅಕ್ಕಿ ತೊಳೆದ ನೀರು ಇಟ್ಟಳು. ರಾಮಕೃಷ್ಣಪ್ಪ ಹಿತ್ತಲಿಂದ ಸುತ್ತಿ ಬಂದು ಮುನಿಆಂಜಿನಪ್ಪನ ಮೇಲೆ ಹಲ್ಲು ಕಡಿದ. "ನಾಟಕ ಆಡ್ತೀಯೇನ್ಲಾ? ಹುಲ್ಲು ಬೇಕೋ ಬ್ಯಾಡ್ವೋ?" ಎಂದು ಒಂದು ಕತ್ತಾಳೆ ನಾರಿನ ಹಗ್ಗವನ್ನು ಅವನ ಮುಂದೆ ಎಸೆದು ಹೋದ.

ಮಾರನೇ ದಿನ ಅದೇ ಮರ, ಅದೇ ಹಸು, ಈ ಹಗ್ಗ. ಗಂಟು ಹಾಕುವಾಗ ಮುದಿ ಹಸು ಅವನ ಮೊಣಕೈ ನೆಕ್ಕಿತು. "ನಾಳಿದ್ದು ಬಂದು ಬಿಚ್ತೀನಿ ಕಣವ್ವ. ಅಷ್ಟೊತ್ಗೆ ಊರ ದಾರಿ ಮರೀರಿ," ಎಂದು ಗಟ್ಟಿಯಾಗಿಯೇ ಹೇಳಿ, ತಿರುಗಿ ನೋಡದೆ ನಡೆದುಬಿಟ್ಟ.

ಆ ಸಂಜೆ ಅರಳಿಕಟ್ಟೆಯಲ್ಲಿ ರಾಮಕೃಷ್ಣಪ್ಪ ಒಪ್ಪಂದದ ಪ್ರಕಾರ ಬೈದ. ಎಂಥಾ ಬೈಗುಳ! ಅಷ್ಟು ಚೆನ್ನಾಗಿ ಬೈಯುತ್ತಾನೆಂದು ಮುನಿಆಂಜಿನಪ್ಪ ನೆನೆಸಿರಲಿಲ್ಲ. ಕುಡುಕ ಅಂದ, ನಿದ್ದೆಬಡುಕ ಅಂದ, ಉಂಡ ಮನೆಗೆ ಎರಡು ಬಗೆದವನು ಅಂದ. ಉಳಿದಿಬ್ಬರು ಯಜಮಾನರೂ ದನಿಗೂಡಿಸಿದರು. ಸುಬ್ಬಮ್ಮ ಮನೆಯಿಂದ ಹೊರಗೇ ಬರಲಿಲ್ಲ. ಕಟ್ಟೆಯ ಕೆಳಗೆ ನಿಂತಿದ್ದ ಹೆಂಗಸರು ಕ್ಯಾಕರಿಸಿದರು. ಮುನಿಆಂಜಿನಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಬೈಸಿಕೊಂಡ. ಮನೆಗೆ ಬರುವಷ್ಟರಲ್ಲಿ ಆರು ಹೊರೆ ಹುಲ್ಲು ಬಂದು ಬಿದ್ದಿತ್ತು. ಗಬ್ಬದ ಹಸು ಆಗಲೇ ತಿನ್ನುತ್ತಿತ್ತು.

ನಾಳಿದ್ದು ಎಂದವನಿಗೆ ನಾಳಿದ್ದು ಹೋಗಲಾಗಲಿಲ್ಲ. ಊರಿನ ನಾಲ್ಕಾರು ಮಂದಿ ಕಳೆದ ದನ ಹುಡುಕುತ್ತೇವೆ ಎಂದು ಪಾಪ ನಿಜವಾಗಿಯೂ ಹೊರಟುಬಿಟ್ಟರು! ಅವರನ್ನು ಬಾಗಲೂರು ಕಡೆ ತಿರುಗಿಸಿ, ದಿನವಿಡೀ ಸುಳ್ಳು ಸುಳ್ಳೇ ಹುಡುಕಿ ಬಂದ. ಮುಂದಿನ ಬೆಳಿಗ್ಗೆ ಕಾವಲಿಗೆ ಓಡಿದ.

ದೂರದಿಂದಲೇ ರಣಹದ್ದು ಕಂಡವು. ಹೊಟ್ಟೆ ಬಿರಿಯ ತಿಂದು ಹಾರಲಾರದೆ ನೆಲದ ಮೇಲೆ ಕುಪ್ಪಳಿಸುತ್ತಿದ್ದವು. ಮುಂಚೆಯೆಲ್ಲ ಗಂಟೆಯ ಸದ್ದಿಗೆ ತೋಳ ಹತ್ತಿರ ಸುಳಿಯುತ್ತಿರಲಿಲ್ಲ. ಗಂಟೆ ಇದ್ದಲ್ಲಿ ಕಾಯುವವನ ಕೋಲು ಇರುತ್ತದೆಂದು ಅದಕ್ಕೆ ಗೊತ್ತು. ಈ ಬರದಲ್ಲಿ ತೋಳವೂ ಹೆದರಿಕೆ ಬಿಟ್ಟಿತ್ತು. ಸುಬ್ಬಮ್ಮನ ಹಸುವಿನ ಅರ್ಧ ಮೈ ಇರಲಿಲ್ಲ. ಕತ್ತಾಳೆ ಹಗ್ಗ ಮಾತ್ರ ಗಟ್ಟಿಯಾಗಿತ್ತು, ಹಸು ಜಗ್ಗಿದ ಕಡೆ ಮರದ ತೊಗಟೆಯೇ ಕಿತ್ತು ಬಂದಿತ್ತು. ಓಡಿಹೋಗಬಹುದಾಗಿದ್ದ ಉಳಿದ ಮೂರು ಹಸುವೂ ಗಂಟೆಯನ್ನು ಬಿಟ್ಟು ಹೋಗಿರಲಿಲ್ಲ. ಎರಡು ಅಲ್ಲೇ ಸತ್ತು ಬಿದ್ದಿದ್ದವು. ಅತ್ತ ಕುಂಟೆ ಪೂರ್ತಿ ಒಣಗಿ, ಜಿಂಕೆಗಳು ಕೆಸರಿಗೆ ಮೂತಿ ಚಾಚಿದ ಹಾಗೇ ಸತ್ತಿದ್ದವು.

ಮುನಿಆಂಜಿನಪ್ಪ ಬಾಯಿ ಬಡಿದುಕೊಂಡು ಅತ್ತ. "ನಾನೇ ಕೊಂದೆ ಕಣ್ರವ್ವಾ, ಕಾಯ್ತೀನಿ ಅಂತ ನಾನೇ ಕಟ್ಟಾಕಿ ಕೊಂದೆ!" ಆ ದನಿ ಕೇಳಿ ಪೊದೆಯ ನೆರಳಿಂದ ಒಂದು ಹಸು ಎದ್ದಿತು. ಹಿಂಗಾಲಿನ ತೊಡೆ ಹರಿದು ನೊಣ ಮುತ್ತಿತ್ತು. ಚುಕ್ಕಿ. ನೆಟ್ಟಗೆ ಅವನ ಹತ್ತಿರ ಬಂದು ನಿಂತಿತು.

ಕಾವಲಿನಿಂದ ಬೆಳಿಗ್ಗೆ ಹೊರಟ ಅವನೂ ಚುಕ್ಕಿಯೂ ಕೋಗಿಲಿಗೆ ಬಂದಾಗ ಹೊತ್ತು ಇಳಿದಿತ್ತು. ದಾರಿಯುದ್ದಕ್ಕೂ ಅದು ಕೂತಲ್ಲೆಲ್ಲ ಅವನೂ ಕೂತ. ಅವನಿಗೆ ತನ್ನ ಗುಡಿಸಲಿಗೆ ಕರೆದೊಯ್ಯುವ ಮನಸ್ಸಿತ್ತು. ಚುಕ್ಕಿ ಕೇಳಲಿಲ್ಲ, ತನಗೆ ಗೊತ್ತಿದ್ದ ಬಾಗಿಲಿಗೆ ತಿರುಗಿತು, ಜಗುಲಿಯ ಮುಂದೆ ಮುಂಗಾಲು ಮಡಿಸಿ ಬಿದ್ದಿತು. ಜನ ಸೇರಿದರು.

ರಾಮಕೃಷ್ಣಪ್ಪ ಹೊರಗೆ ಬಂದು ನೋಡಿದ. "ಇದು ನಮ್ದಲ್ಲ. ಯಾರ್ದೋ ಹಸ ತಂದು ನನ್ ಬಾಗ್ಲಿಗ್ ಕೆಡವ್ತೀಯೇನ್ಲಾ?" ಎಂದ.

ಗಂಡನ ಹಿಂದಿನಿಂದ ಇಣುಕಿದ ರಾಮಲಕ್ಷ್ಮಮ್ಮ "ಅಯ್ಯೋ ನಮ್ ಚುಕ್ಕೀ!" ಎಂದು ಕಿರುಚಿದಳು. ಹಸು ತಲೆಯೆತ್ತಿತು. ಅವಳು ಓಡಿ ಬಂದು ಅದರ ಕತ್ತು ತಬ್ಬಿದಳು, ಗಂಜಿ ತಂದು ಬಾಯಿಗಿಟ್ಟಳು. ಅದು ಕುಡಿಯಲಿಲ್ಲ. ಅವಳ ಮಡಿಲಲ್ಲೇ ಪ್ರಾಣ ಬಿಟ್ಟಿತು. ಆಗ ಅವಳು ಮುನಿಆಂಜಿನಪ್ಪನ ಕಡೆ ತಿರುಗಿದಳು. "ಕಾಯಿ ಅಂತ ನಿನ್ ಕೈಗ್ ಕೊಟ್ರೆ ಇಂಗಾ ಮಾಡಾದು? ನಿಂಗೆ ಕಣ್ಣಿರ್ಲಿಲ್ವಾ? ಎಲ್ ಬಿದ್ಕಂಡಿದ್ದೆ?"

ಅವನು ರಾಮಕೃಷ್ಣಪ್ಪನನ್ನು ನೋಡಿದ. ರಾಮಕೃಷ್ಣಪ್ಪ ನೆಲ ನೋಡಿದ. ಹೇಳಿಬಿಡಲೇ ಎಂದು ಮುನಿಆಂಜಿನಪ್ಪ ಬಾಯಿ ತೆರೆದ. ತನ್ನ ಹಸುವಿನ ಹೊಟ್ಟೆ ಸೇರಿದ್ದ ಆ ಹುಲ್ಲು ನೆನಪಾಗಿ ಬಾಯಿ ಮುಚ್ಚಿದ. ಅವನ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮಾರನೇ ಬೆಳಿಗ್ಗೆ ಮುನಿಶಾಮಮ್ಮ ಬೇಡವೆಂದರೂ ಅವನು ಹೋಗಿ ಊರಬಾಗಿಲಲ್ಲಿ ನಿಂತು ಕೂಗು ಹಾಕಿದ. ಬಹಳ ಹೊತ್ತು ಯಾರ ಮನೆಯಿಂದಲೂ ದನ ಬರಲಿಲ್ಲ. ಆಮೇಲೆ ರಾಮಲಕ್ಷ್ಮಮ್ಮ ತಾನೇ ಎರಡು ಎತ್ತು ಹಿಡಿದುಕೊಂಡು ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. ಸಿಟ್ಟು ಇಳಿದಿತ್ತು. ಇಪ್ಪತ್ತಾರು ವರ್ಷ ಕಾಯ್ದವನು, ಒಂದು ಸಲ ತಪ್ಪಿದ್ದಾನೆ, ಇರಲಿ ಎಂದು ಅವಳು ಮನಸ್ಸು ಮಾಡಿಕೊಂಡಿದ್ದಳು.

"ಈ ಎತ್ಗಳ್ನಾದ್ರೂ ಉಸಾರಾಗ್ ನೋಡ್ಕಳಪ್ಪ," ಎಂದು ಹಗ್ಗ ಎರಡನ್ನೂ ಅವನ ಕೈಗೆ ಕೊಟ್ಟಳು.