ಸಾಬವ್ವನ ಕಡೆಯ ಗೋಡೆ

ಆಳಂದದ ಹೊಸ ಬಡಾವಣೆಯಲ್ಲಿ ಸೂರ್ಯಕಾಂತ ಮಾಸ್ತರರು ಕಟ್ಟಿಸಿದ ಮನೆಗೆ ಇನ್ನೂ ವರ್ಷ ತುಂಬಿರಲಿಲ್ಲ. ಮಳೆಗಾಲ ಹಿಡಿದದ್ದೇ ತಡ, ಮಲಗುವ ಕೋಣೆಯ ಗೋಡೆ ಮೊಣಕಾಲೆತ್ತರದವರೆಗೆ ಹಸಿಯಾಗಿ ಕಪ್ಪಿಟ್ಟಿತು. ಬಣ್ಣ ಹಪ್ಪಳದ ಹಾಗೆ ಎದ್ದು ಉದುರಿತು. ಆಮೇಲೆ ಕಿಟಕಿಯ ಮೂಲೆಯಿಂದ ಬಿರುಕೊಂದು ಓರೆಯಾಗಿ ಇಳಿಯಿತು. ದೀಪಾವಳಿಯ ಹೊತ್ತಿಗೆ ಅದರಲ್ಲಿ ಮಾಸ್ತರರ ಹೆಂಡತಿ ಮಹಾನಂದಾಳ ಕಿರುಬೆರಳು ಹೋಗುತ್ತಿತ್ತು.

ಗೋಡೆಯ ಆಚೆ ಸಾಬವ್ವನ ಹಳೆಯ ಮನೆ. ಅರವತ್ತು ದಾಟಿದ ಒಂಟಿ ಹೆಂಗಸು. ಅಂಗಳದ ಬೇವಿನ ಮರದ ಕೆಳಗೆ ಒಲೆ ಹೂಡಿ, ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಬದುಕುತ್ತಿದ್ದಳು. ಅವಳ ಬಚ್ಚಲ ನೀರು ಎರಡೂ ಮನೆಗಳ ನಡುವಿನ ಸಣ್ಣ ಮೋರಿಯಲ್ಲಿ ರಸ್ತೆಗೆ ಹರಿಯುತ್ತಿತ್ತು. ಮಾಸ್ತರರ ಮನೆ ಏಳುವಾಗ ಅಲ್ಲಿನ್ನೂ ನಳವಿರಲಿಲ್ಲ. ಹಸಿ ಗೋಡೆಗಳಿಗೆ ಎರಡು ತಿಂಗಳು ನೀರು ಹೋದದ್ದು ಇದೇ ಸಾಬವ್ವನ ನಳದಿಂದ.

"ಆ ಮುದುಕಿ ಬಚ್ಚಲ ನೀರೇ ನಮ್ ಗ್ವಾಡಿ ತಿನ್ನಾಕತ್ತದ," ಎಂದರು ಮಾಸ್ತರರು.

ಮಹಾನಂದಾಳಿಗೆ ಬೇರೆಯೇ ಅನುಮಾನವಿತ್ತು. ಆ ಕೋಣೆಗೆ ಅಂಟಿಕೊಂಡೇ ತಮ್ಮ ಬಚ್ಚಲು. ನಳ ಬಂದ್ ಮಾಡಿದ್ದರೂ ಗೋಡೆಯೊಳಗೆ ಸಣ್ಣಗೆ ಸಿಳ್ಳು ಹೊಡೆದಂತಾಗುತ್ತಿತ್ತು.

"ರೀ, ಮುಂಜಾನಿ ತುಂಬಿಸಿದ ಟಾಕಿ ಸಂಜಿಕೇ ಖಾಲಿ ಆಗ್ತದ. ಪೈಪ್ ಒಮ್ಮಿ ನೋಡಸ್ರಿ."

"ನಾ ಮುಂದ ನಿಂತು ಕೂಡಿಸಿದ ಪೈಪ್ ಅದು. ನಿನಗೇನ್ ತಿಳೀತದ?"

ಅವಳು ಮತ್ತೆ ಆ ಮಾತೆತ್ತಲಿಲ್ಲ.

ಮನೆ ಕಟ್ಟಿದ ಗೌಂಡಿ ಗುಡುಸಾಬ ಬಂದು, ಗೋಡೆಗೆ ಕೈಯಿಟ್ಟು ನೋಡಿ, "ಕರಿ ಮಣ್ಣ ಸರ್, ನೀರ ಕುಡುದ್ರ ಉಬ್ಬತದ. ನೀರ ಎಲ್ಲಿಂದ ಬರಾಕತ್ತದ ಮೊದ್ಲ ಹುಡುಕ್ರಿ. ಆ ಬೇವಿನ ಗಿಡಾ ಮಾತ್ರ ಮುಟ್ಟಬ್ಯಾಡ್ರಿ, ಅದು ಒಂದಿಷ್ಟ್ ನೀರ ಎಳಕೊಳ್ಳಾಕತ್ತದ," ಎಂದ. ಮಾಸ್ತರರು ಅವನಿಗೆ ಚಹಾ ಕೂಡ ಕೇಳದೆ ಕಳಿಸಿದರು.

ಭಾನುವಾರ ಸಿಮೆಂಟು ಕಲಸಿ ತಾವೇ ಮೋರಿಗೆ ಸುರಿದರು. ಸಾಬವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಮಾಸ್ತರ, ನನ್ ಬಚ್ಚಲ ನೀರ ಎಲ್ಲಿಗಿ ಹೋಗಬೇಕ್ರಿ?"

"ನೀನೇ ಕುಡಿ."

ಅವಳು ಬಾಗಿಲಲ್ಲಿ ನಿಂತಿದ್ದ ಮಹಾನಂದಾಳ ಕಡೆ ತಿರುಗಿದಳು. "ನೀ ಆದ್ರೂ ಹೇಳ ಯವ್ವಾ."

ಮಹಾನಂದಾಳ ಬಾಯಿಗೆ ಟಾಕಿಯ ಮಾತು ಬಂದಿತ್ತು. ಗಂಡ ಸಿಮೆಂಟು ಮೆತ್ತುವ ಕರಣಿ ಹಿಡಿದು ಅವಳನ್ನೇ ನೋಡುತ್ತಿದ್ದ. "ಗ್ವಾಡಿ ಬಿರಕ ಬಿಟ್ಟದ ಆಯಿ, ನಾವರೆ ಏನ್ ಮಾಡೂಣು?" ಎಂದು ಒಳಗೆ ನಡೆದುಬಿಟ್ಟಳು.

ಮರುವಾರ ಮರ ಕಡಿಯುವ ಭೀಮಶಾ ಗರಗಸ ತಂದ. ಬೇವಿನ ಬೇರೇ ಗೋಡೆ ಸೀಳುತ್ತಿದೆ, ಬುಡವೂ ಅರ್ಧ ತಮ್ಮ ಜಾಗದಲ್ಲಿದೆಯೆಂದು ಮಾಸ್ತರರು ಟೇಪು ಹಿಡಿದು ತೋರಿಸಿದರು. ಮಧ್ಯಾಹ್ನದೊಳಗೆ ಮರ ನೆಲಕ್ಕುರುಳಿತು. ಸಾಬವ್ವ ಅಳಲಿಲ್ಲ. ಒಲೆಯ ಮೇಲೆ ಬಿದ್ದ ಎಲೆಗಳನ್ನು ಗುಡಿಸಿ, ಬಿಸಿಲಲ್ಲೇ ಕೂತು ಉಳಿದ ರೊಟ್ಟಿ ಬಡಿದಳು.

ಅಂದಿನಿಂದ ಅವಳು ಬಚ್ಚಲ ನೀರನ್ನು ಬಕೇಟಿನಲ್ಲಿ ತುಂಬಿ ರಸ್ತೆಗೆ ಹೊತ್ತು ಚೆಲ್ಲತೊಡಗಿದಳು. ಮಹಾನಂದಾ ಕಿಟಕಿಯಿಂದ ಎಣಿಸುತ್ತಿದ್ದಳು: ದಿನಕ್ಕೆ ಹನ್ನೆರಡು, ಹದಿಮೂರು ಬಕೇಟು. ಒಂದು ದಿನ ಏಳನೆಯದಕ್ಕೆ ಸಾಬವ್ವ ಹೊಸ್ತಿಲಲ್ಲಿ ಜಾರಿದಳು. ಸೊಂಟದ ಎಲುಬು ಮುರಿಯಿತು. ಯಡ್ರಾಮಿಯಿಂದ ಅವಳ ತಂಗಿಯ ಮಗಳು ಬಂದು, ಜೀಪಿನಲ್ಲಿ ಮಲಗಿಸಿಕೊಂಡು, ಮನೆಗೆ ಬೀಗ ಹಾಕಿ ಕರೆದೊಯ್ದಳು.

ಈಗ ಆ ಕಡೆಯಿಂದ ಒಂದು ಹನಿ ನೀರಿಲ್ಲ. ಆದರೂ ಹಸಿ ಸೊಂಟದೆತ್ತರಕ್ಕೆ ಏರಿತು. ಬಿರುಕಿನಲ್ಲಿ ಹೆಬ್ಬೆರಳು ಹೋಗುವಂತಾಯಿತು. ಬೆಳಿಗ್ಗೆ ಅದರೊಳಗಿಂದ ಬೆಳಕು ಕಾಣುತ್ತಿತ್ತು. ಮಾಸ್ತರರಿಗೆ ಬೈಯಲು ಯಾರೂ ಉಳಿದಿರಲಿಲ್ಲ. ಗುಡುಸಾಬನನ್ನೇ ಕರೆಸಿದರು.

ಅವನು ಬಚ್ಚಲ ಗೋಡೆಯ ಎರಡು ಟೈಲ್ಸ್ ಒಡೆದದ್ದೇ ನೀರು ಪುಳಕ್ಕನೆ ಹೊರಬಂತು. ಪೈಪಿನ ಒಂದು ಜೋಡಣೆಗೆ ಅಂಟೇ ಹಚ್ಚಿರಲಿಲ್ಲ.

ಮಾಸ್ತರರು ಬಚ್ಚಲ ಬಾಗಿಲು ಮುಂದೆ ಮಾಡಿದರು. "ಕೂಡಿಸಿ ಮುಚ್ಚು. ಯಾರ ಮುಂದೂ ಹೇಳಬ್ಯಾಡ."

ಗುಡುಸಾಬ ತಲೆಯೆತ್ತದೆ ಕೆಲಸ ಮುಗಿಸಿ ಹೋದ.

ಬೇಸಿಗೆಯಲ್ಲಿ ಗೋಡೆ ಒಣಗಿತು. ಒಂದು ಮಧ್ಯಾಹ್ನ ಮಹಾನಂದಾ ತಡೆಯಲಾರದೆ ಯಡ್ರಾಮಿಗೆ ಫೋನು ಮಾಡಿದಳು. ಸಾಬವ್ವ ಇನ್ನೂ ಎದ್ದು ಕೂತಿರಲಿಲ್ಲ, ಮಲಗಿದಲ್ಲೇ ಮಾತಾಡಿದಳು.

"ಗ್ವಾಡಿ ಒಣಗಿತೇನ್ ಯವ್ವಾ?"

"ಒಣಗ್ಯಾದ ಆಯಿ."

"ಹಂಗಾರ ನಂದೇ ತಪ್ಪ ಇತ್ತು ನೋಡು. ನಾ ಸುಮ್ನ ಮಾಸ್ತರಗ ಶಾಪ ಹಾಕ್ಕೋತ ಬಿದ್ದಿದ್ದೆ. ಹೊಟ್ಟ್ಯಾಗ ಹಾಕ್ಕೋರಿ ಅಂತ ಹೇಳವ್ವ ಅವರಿಗಿ."

ಮಹಾನಂದಾ ಬಾಯಿ ತೆರೆದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡ ನರೋಣಾದ ಶಾಲೆಯಲ್ಲಿದ್ದ, ಬರಲು ಇನ್ನೂ ಮೂರು ತಾಸಿತ್ತು.

"ಹೇಳ್ತೇನಿ ಆಯಿ," ಎಂದಳು. "ನೀ ಆರಾಮ ಮಾಡು."

ಫೋನಿಟ್ಟು ಎದ್ದು ಹೋಗಿ, ಬಿರುಕು ತುಂಬಿದ ಜಾಗಕ್ಕೆ ಯಾವ ಬಣ್ಣ ಹೊಂದುತ್ತದೆಂದು ನೋಡುತ್ತ ನಿಂತಳು.