ಟ್ರೆಗೋವ್ ಎಂಬ ನಾನು

ನಾನು ಒಂದು ಮನೆತನದ ಹೆಸರು. ನಿಮ್ಮಲ್ಲಿ ಕೆಲವರು ಅಡ್ಡಹೆಸರು ಅನ್ನುತ್ತಾರಲ್ಲ, ಅದೇ. ಟ್ರೆಗೋವ್. ಒಂದೇ ಸಲಕ್ಕೆ ನಾಲಿಗೆಗೆ ಹತ್ತದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಕೋಲಾರದ ಚಿನ್ನದ ಗಣಿಯಲ್ಲಿ ಎಂಬತ್ತು ವರ್ಷ ಇದ್ದೆ, ಅಲ್ಲಿನ ಅಂಚೆಯವನಿಗೇ ಹತ್ತಲಿಲ್ಲ. ನನಗೆ ಕೈಕಾಲಿಲ್ಲ. ಯಾರಾದರೂ ಹೊತ್ತರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿ, ಮೂರು ಕಡೆ ಸಮುದ್ರ ಇರುವ ಕಾರ್ನ್‌ವಾಲ್ ಎಂಬ ಸೀಮೆಯಲ್ಲಿ ನಾನು ಹುಟ್ಟಿದ್ದು. ಆಗ ಅಲ್ಲಿಯವರಿಗೆ ಅವರದೇ ಒಂದು ಭಾಷೆ ಇತ್ತು. ಅದರಲ್ಲಿ ಟ್ರೆ ಎಂದರೆ ಹಟ್ಟಿ, ಗೋವ್ ಎಂದರೆ ಕಮ್ಮಾರ. ನಿಮ್ಮಲ್ಲಿ ಹುಟ್ಟಿದ್ದರೆ ಕಮ್ಮಾರಹಟ್ಟಿ ಅನ್ನಿಸಿಕೊಳ್ಳುತ್ತಿದ್ದೆ. ಮೊದಲು ನಾನು ಬರೀ ಜಾಗದ ಹೆಸರು. ಐದು ಮನೆ, ಒಂದು ಕುಲುಮೆ, ಅಷ್ಟೇ. ಒಂದು ದಿನ ಕಂದಾಯದ ಪಟ್ಟಿ ಬರೆಯುವವನು ಬಂದ. ಆ ಪ್ರಾಂತದಲ್ಲಿ ಜಾನ್ ಅನ್ನುವವರೇ ಹನ್ನೊಂದು ಜನ. "ಯಾವ ಜಾನಯ್ಯಾ ನೀನು?" ಎಂದು ಅವನು ರೇಗಿದ. "ಟ್ರೆಗೋವ್ ಕಡೆಯವನು" ಎಂದು ಒಬ್ಬ ಜಾನ್ ಹೇಳಿದ. ಹಾಗೆ ಅವನಿಗೆ ಅಂಟಿಕೊಂಡೆ. ಆ ಮಹರಾಯ ಕಮ್ಮಾರನೇನೂ ಅಲ್ಲ, ಕುರಿ ಕಾಯುತ್ತಿದ್ದ. ಅವನು ಸತ್ತ ಮೇಲೆ ಮಗ ಹೊತ್ತ, ಆಮೇಲೆ ಮೊಮ್ಮಗ. ಇನ್ನೂರು ಮುನ್ನೂರು ವರ್ಷ ಹೋಗುವಷ್ಟರಲ್ಲಿ ಆ ಭಾಷೆಯನ್ನು ಆಡುವವರೇ ಇಲ್ಲವಾದರು. ನನ್ನ ಅರ್ಥ ನನ್ನನ್ನು ಹೊತ್ತವರಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವರೆಲ್ಲ ನೆಲದಡಿಗೆ ಇಳಿದಿದ್ದರು. ತವರದ ಗಣಿ. ಅಜ್ಜ, ಅಪ್ಪ, ಮಗ ಒಂದೇ ಏಣಿಯಲ್ಲಿ ಇಳಿಯುತ್ತಿದ್ದರು, ಒಂದೇ ಕೆಮ್ಮು ಕೆಮ್ಮುತ್ತಿದ್ದರು. ಆಮೇಲೆ ಒಂದೊಂದೇ ಗಣಿ ಮುಚ್ಚಿತು. ಹೊಟ್ಟೆಪಾಡು ನೋಡಿಕೊಳ್ಳಬೇಕಲ್ಲ, ಜನ ಹಡಗು ಹತ್ತಿದರು. ಒಬ್ಬ ಅಣ್ಣ ಅಮೆರಿಕದ ತಾಮ್ರದ ಗಣಿಗೆ ಹೋದ, ಇನ್ನೊಬ್ಬ ಆಸ್ಟ್ರೇಲಿಯಾಕ್ಕೆ. ಎರಡೂ ಕಡೆ ಬರೀ ಹೆಣ್ಣುಮಕ್ಕಳು ಹುಟ್ಟಿದರು. ಅವರ ಮದುವೆಯ ದಿನ ನಾನು ಚರ್ಚಿನ ಬಾಗಿಲವರೆಗೆ ಹೋಗಿ ನಿಂತುಕೊಂಡೆ, ಅವರು ಗಂಡನ ಹೆಸರು ಹೊತ್ತು ಹೊರಗೆ ಬಂದರು. ಹುಟ್ಟೂರಿನಲ್ಲೂ ಇದೇ ಕಥೆ. ಉಳಿದವನು ಅವರ ಕಿರಿಯ ತಮ್ಮ ಸ್ಯಾಂಪ್ಸನ್ ಒಬ್ಬನೇ. ಅವನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಕೋಲಾರಕ್ಕೆ ಬಂದ.

ಗಣಿಯಲ್ಲಿ ಅವನನ್ನು ಎಲ್ಲರೂ ದೊರೆ ಅನ್ನುತ್ತಿದ್ದರು. ಊರಲ್ಲಿ ಬೂಟಿಗೂ ಗತಿಯಿಲ್ಲದವನಿಗೆ ದೊರೆ ಅನ್ನಿಸಿಕೊಳ್ಳಲು ನಾಚಿಕೆಯಾಗುತ್ತಿತ್ತು. ಅವನಿದ್ದ ಮನೆಗಳ ಸಾಲಿಗೆ ಬೇತಮಂಗಲದ ಹತ್ತಿರದ ಒಂದು ಹಳ್ಳಿಯಿಂದ ಪಿಳ್ಳಮ್ಮ ಎಂಬ ಹುಡುಗಿ ಮೊಸರು ತರುತ್ತಿದ್ದಳು. ಮೂರು ವರ್ಷ ಮೊಸರು ತಂದಳು, ನಾಲ್ಕನೆಯ ವರ್ಷ ಮದುವೆಯಾಯಿತು. ಬೇರೆ ಬಿಳಿಯರಾಗಿದ್ದರೆ ಹಾಗೇ ಇಟ್ಟುಕೊಂಡು, ಕೊನೆಗೆ ಬಿಟ್ಟು ಹಡಗು ಹತ್ತುತ್ತಿದ್ದರು. ಸ್ಯಾಂಪ್ಸನ್ ಹಾಗೆ ಮಾಡಲಿಲ್ಲ. ಚಾಪೆಲ್ಲು ಎಂಬ ಗಣಿಯ ಪುಟ್ಟ ಚರ್ಚಿಗೆ ಕರೆದುಕೊಂಡು ಹೋಗಿ, ಪಾದ್ರಿಯ ಮುಂದೆ ಉಂಗುರ ತೊಡಿಸಿ ಮದುವೆಯಾದ. ಮನೆಗೆ ಬಂದು ತನ್ನ ಬೈಬಲಿನ ಮೊದಲ ಹಾಳೆ ಬಿಚ್ಚಿದ. ಹುಟ್ಟು, ಮದುವೆ, ಸಾವನ್ನು ಆ ಹಾಳೆಯಲ್ಲಿ ಬರೆಯುವುದು ಅವರ ಪದ್ಧತಿ. ತನ್ನ ಹುಟ್ಟೂರು, ಹುಟ್ಟಿದ ದಿನ, ಪಿಳ್ಳಮ್ಮನ ಹೆಸರು, ಅವಳ ಊರು, ಮದುವೆಯ ತಾರೀಖು ಎಲ್ಲ ಬರೆದ. ಜೊತೆಗೆ ಬಂದಿದ್ದ ಪಾದ್ರಿ ಸಹಿ ಹಾಕಿದ. ಓದು ಬರೆಹ ಬಾರದ ಪಿಳ್ಳಮ್ಮ ದೀಪದ ಮಸಿಗೆ ಹೆಬ್ಬೆಟ್ಟು ಅದ್ದಿ ಒತ್ತಿದಳು. ನನಗೆ ಅಷ್ಟು ಗೌರವದ ಜಾಗ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಅವತ್ತು ನಾನು ಬೀಗಿದ್ದು ನಿಜ.

ಎಂಟು ವರ್ಷಕ್ಕೆ ಗಣಿ ಕುಸಿದು ಸ್ಯಾಂಪ್ಸನ್ ಸತ್ತ. ಮಗ ರೂಬೆನ್‌ಗೆ ಆಗ ಆರು ವರ್ಷ. ಪಿಳ್ಳಮ್ಮ ಮತ್ತೆ ಮೊಸರಿನ ಗಡಿಗೆ ಹೊತ್ತಳು. ಮಗನನ್ನು ಓದಿಸಿದಳು, ಗಣಿಯಲ್ಲಿ ಕೆಲಸಕ್ಕೆ ಸೇರಿಸಿದಳು. ಅವನು ಬೆಂಗಳೂರು ದಂಡಿನ ಎಥೆಲ್ ಎಂಬವಳನ್ನು ಮದುವೆಯಾದ. ಎಥೆಲ್ ಬಿಳಿಯ ಮೈಬಣ್ಣದವಳು, ಚುರುಕಿನವಳು. ನನ್ನನ್ನು ಕಂಡರೆ ಅವಳಿಗೆ ಎಲ್ಲಿಲ್ಲದ ಪ್ರೀತಿ. ಟೀ ಕುಡಿಯಲು ಬಂದವರಿಗೆಲ್ಲ ಹೇಳುವಳು: "ಟ್ರೆಗೋವ್ ಅಂದ್ರೆ ಸುಮ್ನೆ ಅಲ್ಲ, ಭಾಳ ಹಳೇ ಮನೆತನ, ದೊಡ್ಡ ಎಸ್ಟೇಟ್ ಇತ್ತು." ಎಸ್ಟೇಟಂತೆ, ಎಸ್ಟೇಟು! ಆ ಐದು ಮನೆಗೆ ಸರಿಯಾಗಿ ಚಾವಣಿ ಇರಲಿಲ್ಲ. ಆದರೂ ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ?

ಇವರ ಮಗ ಲೆಸ್ಲಿ. ಅವನಿಗೆ ಎರಡು ವರ್ಷವಾದಾಗ ರೂಬೆನ್‌ಗೆ ಬಡ್ತಿಯ ಮಾತು ಬಂತು. ಬಡ್ತಿ ಸಿಕ್ಕರೆ ಬಂಗಲೆ ಸಾಲಿನಲ್ಲಿ ಮನೆ, ಕ್ಲಬ್ಬು, ಮುಂದೆ ಲೆಸ್ಲಿಗೆ ಒಳ್ಳೆಯ ಸ್ಕೂಲು. ಆದರೆ ಅದೆಲ್ಲ ಅಪ್ಪಟ ಬಿಳಿಯರಿಗೆ ಮಾತ್ರ. ಗಣಿ ಕಚೇರಿಯ ಫಾರಮ್ಮಿನಲ್ಲಿ ತಾಯಿಯ ಹೆಸರು ಕೇಳಿದ್ದರು. ಎಥೆಲ್ ಪೆನ್ನು ತೆಗೆದುಕೊಂಡು ಬರೆದಳು: ಸೂಸನ್ ಬ್ರೇ, ಇಂಗ್ಲೆಂಡಿನ ಪ್ಲಿಮತ್ ಊರಿನವಳು, ತೀರಿಕೊಂಡಿದ್ದಾಳೆ. ಅಂಥ ಹೆಂಗಸು ಈ ಭೂಮಿಯ ಮೇಲೆ ಇರಲೇ ಇಲ್ಲ. ರೂಬೆನ್ ಓದಿ ಸಹಿ ಹಾಕಿದ. ಆಮೇಲೆ ಎಥೆಲ್ ಗಂಡನ ಕ್ಷೌರದ ಕತ್ತಿ ತಂದು ಬೈಬಲಿನ ಆ ಹಾಳೆಯನ್ನು ಹೊಲಿಗೆಯ ಬುಡಕ್ಕೆ ಕೊಯ್ದು, ಅಡುಗೆಮನೆಯ ಒಲೆಗೆ ಹಾಕಿದಳು.

ಒಲೆಯ ಮುಂದೆ ಕೂತಿದ್ದವಳು ಪಿಳ್ಳಮ್ಮನೇ. ಓದಲು ಬಾರದಿದ್ದರೂ ತನ್ನ ಹೆಬ್ಬೆಟ್ಟಿನ ಗುರುತು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಅಳಲಿಲ್ಲ.

"ನನ್ನಿಂದ ನಿಮ್ಗೆ ತೊಂದ್ರೆ ಆಗೋದಾದ್ರೆ ನಾನು ಊರಿಗೆ ಓಗ್ತೀನಿ ಬಿಡವ್ವ" ಎಂದಳು.

"ಈಗಲೇ ಬೇಡ. ಮಗು ಸ್ವಲ್ಪ ದೊಡ್ಡೋನಾಗ್ಲಿ. ಅಲ್ಲೀವರೆಗೂ ಯಾರಾದ್ರೂ ಬಂದ್ರೆ ಆಯಾ ಅಂತೀನಿ, ಅಷ್ಟೇ" ಎಂದಳು ಎಥೆಲ್.

ಬಡ್ತಿ ಸಿಕ್ಕಿತು. ಹೆತ್ತ ಮಗನ ಮನೆಯಲ್ಲಿ ಪಿಳ್ಳಮ್ಮ ನಾಲ್ಕು ವರ್ಷ ಆಯಾ ಆಗಿದ್ದಳು. ಲೆಸ್ಲಿಗೂ ಹಾಗೆಂದೇ ಹೇಳಿದ್ದರು. ಅವನು ಬೂಟು ಬಿಚ್ಚಲು ಅವಳ ಮುಂದೆ ಕಾಲು ಚಾಚುತ್ತಿದ್ದ. ನನಗೆ ಮೈ ಅಂತ ಇದ್ದಿದ್ದರೆ ಆಗ ಉರಿದುಹೋಗುತ್ತಿತ್ತು. ಕೊನೆಗೆ ಅವಳು ತವರಿಗೆ, ತಮ್ಮನ ಮಕ್ಕಳ ಮನೆಗೆ ಹೊರಟುಹೋದಳು.

ಸ್ವಾತಂತ್ರ್ಯ ಬಂತು. ಗಣಿಯ ಬಿಳಿಯರು, ಅರೆಬಿಳಿಯರು ಒಬ್ಬೊಬ್ಬರಾಗಿ ಇಂಗ್ಲೆಂಡಿಗೆ ಪೆಟ್ಟಿಗೆ ಕಟ್ಟಿದರು. ರೂಬೆನ್ ತೀರಿಕೊಂಡ. ಲೆಸ್ಲಿ ಗಣಿಯಲ್ಲೇ ಲಿಫ್ಟಿನ ಯಂತ್ರ ನಡೆಸುತ್ತಿದ್ದ, ಮದುವೆಯಾಗಿತ್ತು. ಹೆಂಡತಿ ಬೆರಿಲ್, ಆರು ವರ್ಷದ ಮಗಳು ಡಾಫ್ನಿ. ಬೆರಿಲ್‌ಳ ಅಪ್ಪ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಕಾಗದಗಳೆಲ್ಲ ಸರಿಯಾಗಿದ್ದವು. ಆದರೆ ಹೆಂಡತಿಯ ಕಾಗದದ ಮೇಲೆ ಗಂಡ ಹೋಗುವಂತಿರಲಿಲ್ಲ. ಅವನಿಗೆ ಅವನದೇ ಅಪ್ಪನ ಅಥವಾ ಅಜ್ಜನ ದಾಖಲೆ ಬೇಕು.

"ನಾನೂ ಡಾಫ್ನಿನೂ ಮೊದಲು ಹೋಗಿರ್ತೀವಿ. ನಿಂದೇನು, ಟ್ರೆಗೋವ್ ಅಂತ ಹೆಸರೇ ಇದೆ. ಆರು ತಿಂಗಳಲ್ಲಿ ಬಂದ್ಬಿಡ್ತೀಯ" ಎಂದಳು ಬೆರಿಲ್.

ಲೆಸ್ಲಿಯೂ ನನ್ನನ್ನೇ ನಂಬಿಕೊಂಡ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಗಳನ್ನು ಎತ್ತಿ ಕಿಟಕಿಯೊಳಗೆ ಕೂರಿಸಿ, "ಕ್ರಿಸ್ಮಸ್‌ಗೆ ಅಲ್ಲಿರ್ತೀನಿ" ಎಂದ. ಎರಡು ಕ್ರಿಸ್ಮಸ್ ಹೋದವು.

ಸ್ಯಾಂಪ್ಸನ್ ಹುಟ್ಟಿದ ದಾಖಲೆ ಕಾರ್ನ್‌ವಾಲಿನಿಂದ ಬಂತು, ಅದರಲ್ಲಿ ತೊಂದರೆಯಿರಲಿಲ್ಲ. ಆದರೆ ಕಾಯಿದೆಯ ಪ್ರಕಾರ ಸ್ಯಾಂಪ್ಸನ್ ಮದುವೆಯಾಗಿದ್ದನೆಂದೂ ರೂಬೆನ್ ಆ ಮದುವೆಯಲ್ಲೇ ಹುಟ್ಟಿದವನೆಂದೂ ತೋರಿಸಬೇಕು. ಪಾಸ್‌ಪೋರ್ಟು ಕೊಡುವ ಮದರಾಸಿನ ಬ್ರಿಟಿಷ್ ಕಚೇರಿಯವರು ಗಣಿಯಿಂದ ರೂಬೆನ್‌ನ ಹಳೆಯ ಫಾರಮ್ಮು ತರಿಸಿಕೊಂಡಿದ್ದರು. ಸೂಸನ್ ಬ್ರೇಯ ಮದುವೆಯ ದಾಖಲೆ ಎಲ್ಲಿ ಎಂದು ಕೇಳಿದರು. ಲೆಸ್ಲಿ ಪ್ಲಿಮತ್ತಿಗೆ ಮೂರು ಸಲ ಬರೆದ, ಅಂಥವರು ಯಾರೂ ಇಲ್ಲ ಎಂದು ಮೂರು ಸಲವೂ ಉತ್ತರ ಬಂತು. ಕೊನೆಗೆ ಆ ಕಾಗದಗಳನ್ನು ಹಿಡಿದು ತಾಯಿಯ ಮುಂದೆ ನಿಂತ. ಎಥೆಲ್ ಆಗ ಹಾಸಿಗೆ ಹಿಡಿದಿದ್ದಳು.

"ಅಮ್ಮಾ, ಈ ಸೂಸನ್ ಯಾರು?"

ಎಥೆಲ್ ಗೋಡೆಯ ಕಡೆ ಹೊರಳಿದಳು. "ನಿನಗೋಸ್ಕರ ಮಾಡ್ದೆ ಕಣೋ, ಲೆಸ್ಲಿ" ಎಂದಳು. ಆಮೇಲೆ, "ನಿನ್ನ ಆಯಾ ನೆನಪಿದ್ದಾಳಾ?"

ಲೆಸ್ಲಿ ಅಲ್ಲೇ ನೆಲದ ಮೇಲೆ ಕೂತ. ನಲವತ್ತು ವರ್ಷದ ಗಂಡಸು ಬಾಯಿಗೆ ಕೈ ಒತ್ತಿಕೊಂಡು ಅತ್ತ. ಚಾಪೆಲ್ಲಿಗೆ ಓಡಿದರೆ ಅಲ್ಲಿನ ಹಳೆಯ ರಿಜಿಸ್ಟರುಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಮದುವೆ ಮಾಡಿಸಿದ ಪಾದ್ರಿ ಸತ್ತು ಮೂವತ್ತು ವರ್ಷವಾಗಿತ್ತು. ಆ ಮದುವೆಗೆ ಉಳಿದಿದ್ದ ಸಾಕ್ಷಿ ಮದುಮಗಳೊಬ್ಬಳೇ.

ಎಂಬತ್ತಾರು ವರ್ಷದ ಪಿಳ್ಳಮ್ಮ ತವರುಮನೆಯ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಕಣ್ಣು ಮಂಜಾಗಿತ್ತು. ಹತ್ತಿರ ಹೋಗಿ ಹೆಸರು ಹೇಳಿದವನನ್ನು ತಡವಿ ನೋಡಿ, "ಲೆಸ್ಲಿನಾ? ಬಾರಪ್ಪ. ಉಂಡ್ಯಾ?" ಎಂದಳು. ಅವನು ಅವಳ ಕಾಲು ಹಿಡಿದ. "ಅಜ್ಜೀ" ಎಂದು ಮೊದಲ ಸಲ ಕರೆದ. "ಅಯ್ಯೋ, ಏಳಪ್ಪಾ, ಯಾರಾನ ನೋಡ್ತಾರೆ" ಎಂದು ಮುದುಕಿಯೇ ನಾಚಿಕೊಂಡಳು. ವಿಷಯ ಕೇಳಿ, ಮೊಮ್ಮಗನಿಗೆ ಹೆಂಡತಿ ಮಗಳು ಸಿಗುವುದಾದರೆ ಯಾವ ಊರಿಗಾದರೂ ಬರುತ್ತೇನೆ ಎಂದಳು.

ಮದರಾಸಿನ ಕಚೇರಿಯಲ್ಲಿದ್ದ ಅಧಿಕಾರಿ ಸಣ್ಣ ವಯಸ್ಸಿನವನು, ಮರ್ಯಾದಸ್ಥ. ಮುದುಕಿಗೆ ಕುರ್ಚಿ ಹಾಕಿಸಿದ. ಕನ್ನಡ ಬಲ್ಲ ಗುಮಾಸ್ತನೊಬ್ಬ ಅವನ ಪ್ರಶ್ನೆಗಳನ್ನು ಅವಳಿಗೆ ಹೇಳುತ್ತಿದ್ದ.

"ನಿಮ್ಮ ಗಂಡನ ಹೆಸರೇನಮ್ಮ?"

ಪಿಳ್ಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಿಮಗೆ ಗೊತ್ತಲ್ಲ, ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ಸ್ಯಾಂಪ್ಸನ್ ಸತ್ತು ಅರವತ್ತು ವರ್ಷವಾಗಿತ್ತು, ಆದರೂ ಅವಳು ಬಿಟ್ಟಿರಲಿಲ್ಲ.

"ನೀನೇ ಎಸರು ಏಳಪ್ಪ" ಎಂದು ಲೆಸ್ಲಿಯ ಕಡೆ ತಿರುಗಿದಳು. ಅವನು ಬಾಯಿ ತೆರೆಯುವ ಮೊದಲೇ ಅಧಿಕಾರಿ ಕೈ ಎತ್ತಿ ತಡೆದ. ಸಾಕ್ಷಿಗೆ ಯಾರೂ ಹೇಳಿಕೊಡಬಾರದು.

"ಗಂಡನ ಹೆಸರು ಗೊತ್ತಿಲ್ಲ ಅಂತ ಬರೀಲಾ?" ಎಂದ ಗುಮಾಸ್ತ.

"ಗೊತ್ತಿಲ್ದೆ ಏನು, ಸೋಮಿ! ಅವರ ಎಸರು ನನ್ನ ಬಾಯಾಗೆ ಬರಬಾರ್ದು. ಮದ್ವೆ ದಿನಾನೂ ನಾನು ಏಳಿಲ್ಲ. ಪಾದ್ರಿ ಸೋಮಿ ಏಳಿದ್ರು, ನಾನು ತಲೆ ಆಡಿಸ್ದೆ."

"ಅಜ್ಜೀ, ನಿನ್ನ ಕಾಲಿಗೆ ಬೀಳ್ತೀನಿ" ಎಂದ ಲೆಸ್ಲಿ.

ಪಿಳ್ಳಮ್ಮ ಕಣ್ಣು ಮುಚ್ಚಿಕೊಂಡಳು. ಕೆನ್ನೆ ಕೆನ್ನೆ ಬಡಿದುಕೊಂಡಳು, ದೇವರ ಮುಂದೆ ತಪ್ಪು ಒಪ್ಪಿಕೊಳ್ಳುವವರು ಬಡಿದುಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ಒಂದಕ್ಷರವೂ ತಪ್ಪದೆ ಹೇಳಿದಳು: "ಸ್ಯಾಂಪ್ಸನ್ ಟ್ರೆಗೋವ್."

ನನ್ನನ್ನು ಎಷ್ಟು ಜನ ಹೇಳಿಲ್ಲ! ಪಾದ್ರಿಗಳು ಹೇಳಿದ್ದಾರೆ, ನ್ಯಾಯಾಧೀಶರು ಹೇಳಿದ್ದಾರೆ, ಹಡಗಿನ ಕಪ್ತಾನರು ಕೂಗಿದ್ದಾರೆ. ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಇನ್ನು ನನಗೆ ಸಾವಿಲ್ಲ ಅಂದುಕೊಂಡೆ, ಎಂಥ ಹುಚ್ಚು.

ಅಧಿಕಾರಿ ಬರೆದುಕೊಂಡ. ಕನ್ನಡಕ ತೆಗೆದು ಒರೆಸಿದ. ಗುಮಾಸ್ತ ತಗ್ಗಿದ ದನಿಯಲ್ಲಿ ಅವನ ಮಾತನ್ನು ತಿಳಿಸಿದ: "ದೊರೆಗಳಿಗೆ ನಿಮ್ಮಜ್ಜಿ ಮಾತಲ್ಲಿ ನಂಬಿಕೆ ಇದೆ. ಆದ್ರೆ ಬಾಯಿಮಾತು ನಡೆಯಲ್ಲ. ನಿಮ್ಮ ತಂದೆಯೋರೇ ತಾಯಿ ಬೇರೆಯೋಳು ಅಂತ ಸಹಿ ಹಾಕಿದಾರೆ. ಆ ಕಾಗದ ಇಲ್ಲೇ ಇದೆ."

ರೈಲಿನಲ್ಲಿ ಪಿಳ್ಳಮ್ಮ ಕೇಳಿದ್ದು ಒಂದೇ ಮಾತು. "ಎಸರು ಏಳ್ಬಿಟ್ನಲ್ಲ, ಕೆಲ್ಸ ಆಯ್ತಾ?" ಲೆಸ್ಲಿ "ಆಯ್ತಜ್ಜಿ" ಎಂದ.

ಮೂರು ವಾರಕ್ಕೆ ಕಾಗದ ಬಂತು: ಅರ್ಜಿದಾರ ಟ್ರೆಗೋವ್ ಮನೆತನಕ್ಕೆ ಸೇರಿದವನೆಂದು ಸಾಬೀತಾಗಿಲ್ಲ. ನಾಲ್ಕು ತಲೆಮಾರು ನಾನು ಅವರ ಬೆನ್ನ ಮೇಲಿದ್ದೆ, ಅವರು ನನ್ನವರಲ್ಲವಂತೆ. ಲೆಸ್ಲಿ ಅಜ್ಜಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. ಎಥೆಲ್ ಸಾಯುವವರೆಗೂ ಪಿಳ್ಳಮ್ಮನೇ ಅವಳ ಬಾಯಿಗೆ ಗಂಜಿ ಹಾಕಿದಳು. ಮರುವರ್ಷ ಪಿಳ್ಳಮ್ಮನೂ ತೀರಿಕೊಂಡಳು. ಬೆರಿಲ್ ಮೊದಲು ವಾರಕ್ಕೊಮ್ಮೆ ಬರೆಯುತ್ತಿದ್ದಳು, ಆಮೇಲೆ ತಿಂಗಳಿಗೊಮ್ಮೆ, ಕೊನೆಗೆ ವಕೀಲರಿಂದ ಬರೆಸಿದಳು. ಅಲ್ಲಿ ಅವಳು ಬೇರೆ ಮದುವೆಯಾದಳು. ಡಾಫ್ನಿಗೆ ಆ ಹೊಸ ಅಪ್ಪನ ಹೆಸರು ಇಟ್ಟರು. ಅಪ್ಪನಿಗೆ ಅವಳು ಕಳಿಸಿದ ಕೊನೆಯ ಕಾರ್ಡಿನ ಕೆಳಗೆ ನಾನಿರಲಿಲ್ಲ. ಲೆಸ್ಲಿ ಆ ಕಾರ್ಡನ್ನು ತಿರುಗಿಸಿ ತಿರುಗಿಸಿ ನನ್ನನ್ನು ಹುಡುಕಿದ.

ಅವನಿಗೆ ಐವತ್ತು ದಾಟಿದ ಮೇಲೆ ಎದೆಯಲ್ಲಿ ಗಣಿಯ ದೂಳಿನ ಕಾಯಿಲೆ ಬಲಿಯಿತು. ಒಬ್ಬನೇ ಆಸ್ಪತ್ರೆಗೆ ನಡೆದುಕೊಂಡು ಹೋದ. ಚೀಟಿ ಬರೆಯುವ ನರ್ಸು ಹೆಸರು ಕೇಳಿದಳು.

"ಪಿ. ಲೆಸ್ಲಿ" ಎಂದ.

"ಪಿ ಅಂದ್ರೆ ಏನು ಸಾರ್?"

"ಪಿಳ್ಳಮ್ಮ. ನಮ್ಮಜ್ಜಿ."

"ಹಿಂದೆ ಇನ್ನೇನೋ ಇತ್ತಲ್ಲ ಸಾರ್ ನಿಮ್ಮ ಹೆಸರಿಗೆ? ಉದ್ದಕ್ಕೆ?"

"ಇಲ್ಲಮ್ಮ. ಅಷ್ಟೇ ಬರ್ಕೋ."

ಅವಳು ಅಷ್ಟೇ ಬರೆದುಕೊಂಡಳು. ನಾಲ್ಕನೆಯ ದಿನ ಅವನು ಸತ್ತಾಗ ಶಿಲುಬೆಯ ಹಲಗೆಯ ಮೇಲೂ ಅಷ್ಟೇ ಬರೆದರು. ಐನೂರು ವರ್ಷ ಹೆಗಲಿಂದ ಹೆಗಲಿಗೆ ದಾಟಿಕೊಂಡು ಬಂದ ನನ್ನನ್ನು ಅವನು ಆ ಚೀಟಿಯ ಮುಂದೆ ಕೆಳಗೆ ಇಳಿಸಿದ. ಈಗ ನಾನಿರುವುದು ಮದರಾಸಿನ ಕಚೇರಿಯ ಮುಗಿದ ಕಡತವೊಂದರಲ್ಲಿ, ಯಾರೂ ಬಿಚ್ಚದ ದಾರದ ಒಳಗೆ. ಲೆಸ್ಲಿಯ ಮೇಲೆ ನನಗೆ ಸಿಟ್ಟಿಲ್ಲ. ಅವನ ಅಜ್ಜಿಯನ್ನು ಒಲೆಗೆ ಹಾಕಿದ್ದು ನನ್ನ ಹೆಸರಿನಲ್ಲೇ ಅಲ್ಲವೇ?